ಐದೂವರೆ ಮನೆಗಿಂತ ಸ್ವಲ್ಪ ಮೇಲೆ: ಒಂದು ಕೀಬೋರ್ಡ್ ಬಿಚ್ಚಿದ ಪ್ರಕರಣ

ಸಾಗರದಲ್ಲಿರುವ ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಮಾರಾಯ, ಕೀಬೋರ್ಡಿಗೆ ಹಲ್ಲು ಬಿದ್ದಿದೆ. ಇದ್ದ ಹಲ್ಲೂ ಹಾರ್ಮೋನಿಯಂಗೆ ಕೂಡ್ತಾ ಇಲ್ಲ. ಒಂದ್ಸಲ ಬಂದು ನೋಡ್ತೀಯಾ?"

ಒಂದೇ ಉಸಿರಿನಲ್ಲಿ ಎರಡು ದೂರು. ಮೊದಲನೆಯದು, ಅಂದರೆ ಕೆಲವು ಕೀ ಸದ್ದೇ ಮಾಡದಿರುವುದು, ರಿಪೇರಿ. ಎರಡನೆಯದು ರಿಪೇರಿಯಲ್ಲ. ಆ ಕೀಬೋರ್ಡ್ ಹುಟ್ಟಿದಾಗಿನಿಂದಲೂ ಹಾಗೇ ಇತ್ತು, ಹಾರ್ಮೋನಿಯಂ ಪಕ್ಕ ಕೂತ ಮೇಲೆ ಗೊತ್ತಾಯಿತು ಅಷ್ಟೇ. ನಾನು ಶಿವಮೊಗ್ಗದಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಬೆಸುಗೆ ಕಡ್ಡಿ ಹಿಡಿಯಲು ಬರುತ್ತದೆ. ಕೀಬೋರ್ಡ್ ಒಳಗೆ ಅದುವರೆಗೂ ಇಣುಕಿರಲಿಲ್ಲ. ಮೂರು ಭಾನುವಾರ ಹೋಗಿ ಬಂದೆ. ಎಲ್ಲಿ ಎಡವಿದೆ ಅನ್ನುವುದನ್ನೂ ಬಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥದ್ದನ್ನು ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರುವುದು ಆ ಭಾಗವೇ.

ಮೊದಲು ಪಾತ್ರಧಾರಿಗಳು. ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡ್ ಇದ್ದರೂ ಅದಕ್ಕೆ 'ಕ್ಯಾಸಿಯೋ' ಅಂತಲೇ ಹೆಸರು. ಚಿಕ್ಕಮ್ಮನದು ಆ ಕಂಪನಿಯದ್ದಲ್ಲ. ಯಾವುದು ಅನ್ನುವುದು ಇಲ್ಲಿ ಮುಖ್ಯವೂ ಅಲ್ಲ. 49 ಕೀ, ಒಂದಿಷ್ಟು ತಾಳ, ಒಂದಿಷ್ಟು ದನಿ. ಟ್ರಾನ್ಸ್‌ಪೋಸ್ ಗುಂಡಿ ಇದೆ, ಆದರೆ ಅದು ಅರ್ಧ ಅರ್ಧ ಸ್ವರವಾಗಿ ಮಾತ್ರ ಏರಿಸಿ ಇಳಿಸುತ್ತದೆ. ಅದರ ನಡುವಿನ ಸಣ್ಣ ವ್ಯತ್ಯಾಸ ಸರಿ ಮಾಡುವ ಟ್ಯೂನ್ ಸೌಲಭ್ಯ ಇಲ್ಲ. ಹಾರ್ಮೋನಿಯಂ ಚಿಕ್ಕಮ್ಮನ ಮಾವನವರ ಕಾಲದ್ದು. 42 ಕೀ, ಪ್ರತಿ ಕೀಗೆ ಎರಡು ರೀಡು, ಅಂದರೆ ಗಾಳಿಗೆ ನಡುಗಿ ದನಿ ಕೊಡುವ ಹಿತ್ತಾಳೆ ಪಟ್ಟಿ. ಪ್ರತಿ ಶನಿವಾರ ಸಂಜೆ ಭಜನೆ. ಚಿಕ್ಕಮ್ಮನ ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್. ಮಗಳ ಮಗ ಕೀಬೋರ್ಡ್ ಕಲಿಯುತ್ತಿದ್ದಾನೆ, ಅವನಿಗೂ ಭಜನೆಯಲ್ಲಿ ನುಡಿಸುವ ಆಸೆ. ನವರಾತ್ರಿಗೆ ಮೊದಲು ಎರಡೂ ವಾದ್ಯ ಒಟ್ಟಿಗೆ ಕೂರಬೇಕು ಅನ್ನುವುದು ಅಜ್ಜಿ ಮೊಮ್ಮಗನ ಒಪ್ಪಂದ.

ಹಲ್ಲು ಬಿದ್ದ ಲೆಕ್ಕ

ಮೊದಲ ಭಾನುವಾರ ಹೊರಗೆ ಜಡಿ ಮಳೆ. ಜಗಲಿಯ ಮೇಲೆ ಕಂಬಳಿ ಮಡಚಿ ಹಾಸಿ ಕೀಬೋರ್ಡನ್ನು ಬೋರಲು ಮಲಗಿಸಿದೆ. ಅಡಾಪ್ಟರ್ ಕಿತ್ತು, ಸೆಲ್ ತೆಗೆದೆ. ಇದನ್ನು ಒತ್ತಿ ಹೇಳಬೇಕು: ಈ ಕೀಬೋರ್ಡಿನ ಒಳಗೆ 9 ವೋಲ್ಟಿಗಿಂತ ಜಾಸ್ತಿ ಎಲ್ಲೂ ಇಲ್ಲ, ಅದಕ್ಕೇ ಧೈರ್ಯ. ಗೋಡೆಯ ಕರೆಂಟು ನೇರವಾಗಿ ಒಳಗೆ ಬರುವ ದೊಡ್ಡ ಕೀಬೋರ್ಡ್‌ಗಳೂ ಇವೆ. ಅವುಗಳ ಪವರ್ ಸಪ್ಲೈ ಕೆಪಾಸಿಟರ್ ವೈರ್ ಕಿತ್ತ ಮೇಲೂ ಒದೆಯಬಲ್ಲದು. ಅಂಥದ್ದನ್ನು ಹವ್ಯಾಸಕ್ಕೆ ಅಂತ ಬಿಚ್ಚಬೇಡಿ.

ಸ್ಕ್ರೂಗಳು ಎರಡು ಉದ್ದದವು. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ಕೇ ತೂತಾಗುತ್ತದೆ. ಅಡುಗೆಮನೆಯಿಂದ ಒಂದು ಇಡ್ಲಿ ತಟ್ಟೆ ತಂದೆ. ಒಂದೊಂದು ಗುಳಿಗೆ ಒಂದೊಂದು ಕಡೆಯ ಸ್ಕ್ರೂ: ಎಡ, ಬಲ, ನಡು, ಸೆಲ್ಲಿನ ಡಬ್ಬಿ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ನೋಡಿಲ್ಲ. ಚಿಕ್ಕಮ್ಮ ಮಾತ್ರ "ನಾಳೆ ತಿಂಡಿಗೆ ಇಡ್ಲಿ ಜೊತೆ ಸ್ಕ್ರೂ ಬಂದ್ರೆ ನಿಂಗೇ ಬಡಿಸ್ತೇನೆ" ಅಂದರು.

ಒಳಗೆ ಸತ್ತ ಇರುವೆ, ಜಿರಳೆಯ ಮೊಟ್ಟೆ, ಊದುಬತ್ತಿಯ ಬೂದಿ. ದೇವರ ಕೋಣೆಯಲ್ಲಿ ಇಟ್ಟ ಕೀಬೋರ್ಡ್ ಅಲ್ವಾ. ಕೀಗಳ ಕೆಳಗೆ ರಬ್ಬರ್ ಪಟ್ಟಿ. ಪ್ರತಿ ಕೀಗೆ ಒಂದು ಗುಬುಟು, ಅದರ ಅಡಿಯಲ್ಲಿ ಕಪ್ಪು ಕಾರ್ಬನ್ ಬೊಟ್ಟು. ಕೀ ಒತ್ತಿದಾಗ ಆ ಬೊಟ್ಟು ಕೆಳಗಿನ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಟಿವಿ ರಿಮೋಟ್ ಬಿಚ್ಚಿ ಒರೆಸಿದವರಿಗೆಲ್ಲ ಈ ಏರ್ಪಾಡು ಗೊತ್ತು.

ನನ್ನ ಮೊದಲ ತಪ್ಪು ಇಲ್ಲೇ. 'ಕೀ ಕೆಲಸ ಮಾಡಲ್ಲ' ಅಂದರೆ ಕಾರ್ಬನ್ ಕೊಳೆಯಾಗಿದೆ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ ಹಿಡಿದು 49 ಬೊಟ್ಟನ್ನೂ ಒರೆಸಿದೆ. ಎರಡು ಗಂಟೆ ಹೋಯಿತು. ಜೋಡಿಸಿ ನೋಡಿದರೆ ಯಾವ ಸತ್ತ ಕೀಯೂ ಏಳಲಿಲ್ಲ.

ಚಿಕ್ಕಮ್ಮ ಕಾಫಿ ತಂದಿಟ್ಟು ಹೇಳಿದರು. "ನಾನು ಹೇಳಿದ್ದು ಕೇಳಿಸಿಕೊಂಡ್ಯಾ? ನಡುವಿನ ಗ ಇಲ್ಲ. ಮೇಲಿನ ಸ ಇಲ್ಲ. ಕೆಳಗಿನ ದ ಇಲ್ಲ. ಬೇರೆ ಕಡೆ ಅವೇ ಸ್ವರ ಬರ್ತವೆ. ಇದೆಂತ ಲೆಕ್ಕ?"

ಅವರಿಗೆ ಅದು ಗೊಣಗಾಟ. ನನಗೆ ಆಗ ತಟ್ಟಿತು, ಅದು ನಿಜಕ್ಕೂ ಲೆಕ್ಕವೇ. ಒಂದು ಹಾಳೆಯಲ್ಲಿ ಎಡಗಡೆಯ ಮೊದಲ ಕೀಗೆ ಸೊನ್ನೆ ಹಾಕಿ 48ರವರೆಗೆ ಬರೆದೆ. ಸತ್ತ ಕೀಗಳಿಗೆ ಗುರುತು ಹಾಕಿದೆ. 0, 8, 16, 24, 32, 40, 48. ಸರಿಯಾಗಿ ಎಂಟಕ್ಕೊಂದು. ಏಳು ಬೊಟ್ಟು ತಾವಾಗಿ ಎಂಟೆಂಟು ಕೀ ಬಿಟ್ಟು ಕೊಳೆಯಾಗುವುದಿಲ್ಲ.

ಇದರ ಗುಟ್ಟು ಹೀಗಿದೆ. 49 ಕೀಗೆ 49 ವೈರ್ ಎಳೆದರೆ ಚಿಪ್ಪಿಗೆ ಅಷ್ಟು ಕಾಲು ಬೇಕು. ಅದಕ್ಕೇ ಕೀಗಳನ್ನು ಚೌಕಳಿಯ ಹಾಗೆ ಹೆಣೆದಿರುತ್ತಾರೆ, ಇಲ್ಲಿ ಎಂಟು ಕಂಬ, ಏಳು ಸಾಲು. ಒಟ್ಟು 15 ವೈರಿನಲ್ಲಿ ಕೆಲಸ ಮುಗಿಯುತ್ತದೆ. ಚಿಪ್ಪು ಒಂದೊಂದೇ ಕಂಬಕ್ಕೆ ಸಿಗ್ನಲ್ ಕೊಟ್ಟು ಯಾವ ಸಾಲಿನಲ್ಲಿ ಹಿಂದೆ ಬಂತು ಅಂತ ನೋಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸುತ್ತು ಹಾಕಿರುತ್ತದೆ. ಒಂದು ಕಂಬದ ವೈರ್ ಹೋದರೆ ಆ ಕಂಬದ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಎಂಟೆಂಟು ಅರ್ಧ ಸ್ವರ ಏರುತ್ತಾ ಹೋದರೆ ಸಿಗುವುದು ಸಿ, ಜಿ ಶಾರ್ಪ್, ಇ, ಮತ್ತೆ ಸಿ. ಐದೂವರೆ ಮನೆಯಲ್ಲಿ ಹಾಡುವವರಿಗೆ ಅವು ಗ, ಸ, ದ. ಚಿಕ್ಕಮ್ಮ ಫಾಲ್ಟ್ ರಿಪೋರ್ಟನ್ನು ಸ್ವರದಲ್ಲಿ ಓದಿ ಹೇಳಿದ್ದರು, ಅಷ್ಟೇ.

ಆಮೇಲೆ ಹುಡುಕಾಟ ಐದು ನಿಮಿಷ. ಕೀ ಬೋರ್ಡಿನಿಂದ ಮುಖ್ಯ ಬೋರ್ಡಿಗೆ ಹೋಗುವ ಪಟ್ಟಿ ವೈರ್ ಸೆಲ್ಲಿನ ಡಬ್ಬಿಯ ಪಕ್ಕದಲ್ಲೇ ಹಾದು ಹೋಗಿತ್ತು. ಯಾವ ಕಾಲದಲ್ಲೋ ಸೆಲ್ ಸೋರಿತ್ತು. ಡಬ್ಬಿಗೆ ಹತ್ತಿರದ ಕೊನೆಯ ವೈರಿನ ಬೆಸುಗೆ ಹಸಿರುಗಟ್ಟಿ, ಉಗುರು ತಾಗಿಸಿದರೆ ಕಿತ್ತು ಬಂತು. ಸಾಮಾನ್ಯ ಜಿಂಕ್ ಕಾರ್ಬನ್ ಸೆಲ್ಲಿನ ಸೋರಿಕೆ ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ ನೀರಲ್ಲಿ ಕದಡಿ ಒರೆಸಬೇಕು. ಆಲ್ಕಲೈನ್ ಸೆಲ್ ಆದರೆ ಉಲ್ಟಾ, ವಿನೆಗರ್ ಅಥವಾ ನಿಂಬೆರಸ. ಬೋರ್ಡು ಕೆರೆದು ತಾಮ್ರ ಹೊಳೆಯುವಂತೆ ಮಾಡಿ, ವೈರ್ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಬೆಸೆದೆ. ಏಳೂ ಹಲ್ಲು ಬಂದವು.

ಮೊದಲ ದೂರು ಮುಗಿಯಿತು. ಎರಡನೆಯದಕ್ಕೆ ಹಾರ್ಮೋನಿಯಂ ತರಿಸಿದೆವು.

ಯಾರು ಬಗ್ಗಬೇಕು

ಚಿಕ್ಕಮ್ಮ ಹಾರ್ಮೋನಿಯಂನಲ್ಲಿ ತಮ್ಮ ಷಡ್ಜ ಹಿಡಿದರು. ಹುಡುಗ ಕೀಬೋರ್ಡಿನಲ್ಲಿ ಅದೇ ಸ್ವರ ಒತ್ತಿದ. ಎರಡೂ ಸೇರಿದಾಗ ಒಳಗಿನಿಂದ ಯಾರೋ ದೂಡುತ್ತಿರುವ ಹಾಗೆ 'ವಾ, ವಾ, ವಾ' ಅಂತ ಅಲೆ ಬಂತು. ಸೆಕೆಂಡಿಗೆ ಸುಮಾರು ಮೂರು. ಈ ಅಲೆಯೇ ಅಳತೆಗೋಲು. ಎರಡು ಸ್ವರಗಳ ಕಂಪನಕ್ಕೆ ಎಷ್ಟು ವ್ಯತ್ಯಾಸವೋ ಸೆಕೆಂಡಿಗೆ ಅಷ್ಟು ಅಲೆ.

ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿದೆ. ಕೀಬೋರ್ಡ್ ಲೋಕವೆಲ್ಲ ಒಪ್ಪಿಕೊಂಡ ಲೆಕ್ಕದಲ್ಲಿದೆ: ಎ ಅಂದರೆ 440 ಹರ್ಟ್ಸ್. ಆ ಲೆಕ್ಕಕ್ಕೆ ಚಿಕ್ಕಮ್ಮನ ಷಡ್ಜ 207.65. ಹಾರ್ಮೋನಿಯಂ ತೋರಿಸಿದ್ದು 210.5ರ ಹತ್ತಿರ. ಅಂದರೆ ಆ ಹಾರ್ಮೋನಿಯಂನ ಎ 446. ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಇಲ್ಲಿ ವ್ಯತ್ಯಾಸ 23 ಸೆಂಟ್. ಟ್ರಾನ್ಸ್‌ಪೋಸ್ ಒಂದು ಗುಂಡಿ ಒತ್ತಿದರೆ 100 ಸೆಂಟ್ ಹಾರುತ್ತದೆ, ಆಗ 77 ಸೆಂಟ್ ಜಾಸ್ತಿ. ಪ್ರಯೋಜನವಿಲ್ಲ. ಹಳೆಯ ರೀಡುಗಳು ಎಲ್ಲ ಒಂದೇ ಸಮ ಇರುವುದಿಲ್ಲ ಅನ್ನುವುದೂ ಕಾಣಿಸಿತು. ಎರಡು ಮೂರು ಸೆಂಟ್ ಅತ್ತಿತ್ತ. ಹಾಗಾಗಿ ಚಿಕ್ಕಮ್ಮನ ಸ ಮತ್ತು ಪ ಎರಡನ್ನೇ ಗುರಿ ಮಾಡಿಕೊಂಡೆ.

ಹಾರ್ಮೋನಿಯಂ ಇಳಿಸುವುದು ಒಂದು ದಾರಿ. ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. 84 ರೀಡಿನ ಬುಡ ಕೆರೆಯಬೇಕು. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ. ಈ ಮಾತು ಬಾಯಿಂದ ಬರುತ್ತಿದ್ದ ಹಾಗೇ ಚಿಕ್ಕಮ್ಮ ತಿದಿಯ ಮೇಲೆ ಕೈ ಇಟ್ಟು ಕೂತರು. "ಅದನ್ನ ಮುಟ್ಟಬೇಡ. ಮಾವ ಇದ್ದಾಗಿನಿಂದ ಇದೇ ಶ್ರುತಿ. ಬಗ್ಗೋದಿದ್ರೆ ಅದು ಬಗ್ಗಲಿ" ಅಂತ ಕೀಬೋರ್ಡ್ ಕಡೆ ಗದ್ದ ತೋರಿಸಿದರು.

ಹೊಸ ಕೀಬೋರ್ಡ್ ಕೊಳ್ಳುವುದು ಇನ್ನೊಂದು ದಾರಿ. ಯಮಹಾದ ಪಿಎಸ್‌ಆರ್-ಇ ಸರಣಿಯ ಹಲವು ಮಾದರಿಗಳಲ್ಲಿ ಎ ಸ್ವರವನ್ನು 427ರಿಂದ 453 ಹರ್ಟ್ಸ್‌ವರೆಗೆ ಹೊಂದಿಸಬಹುದು. ನಿಮ್ಮ ಹತ್ತಿರ ಇರುವ ಕೀಬೋರ್ಡಿನಲ್ಲಿ ಆ ಸೌಲಭ್ಯ ಇದ್ದರೆ ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಡಿ. ಇಲ್ಲಿ ಅದು ಇರಲಿಲ್ಲ, ಕೊಳ್ಳುವ ಮನಸ್ಸೂ ಯಾರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಗ್ಗಿಸಿ ನೋಡುವ ಚಪಲ.

ಗಡಿಯಾರ ಕಿತ್ತ ಕಥೆ

ಬೋರ್ಡಿನಲ್ಲಿ ಮುಖ್ಯ ಚಿಪ್ ಅಂದರೆ ಕಪ್ಪು ಅಂಟಿನ ಒಂದು ಬೊಟ್ಟು. ಅಗ್ಗದ ಗಡಿಯಾರ, ಆಟಿಕೆಗಳಲ್ಲಿ ಇರುತ್ತದಲ್ಲ, ಹಾಗೇ. ಮೇಲೆ ನಂಬರಿಲ್ಲ, ಕಾಲಿಲ್ಲ. ಒಳಗಿನ ಯಾವುದಕ್ಕೂ ಕೈ ಹಾಕುವಂತಿಲ್ಲ. ಆದರೆ ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ, ಮೂರು ಕಾಲಿನ ಒಂದು ಚೂರಿತ್ತು, ಮೇಲೆ 8.00 ಅಂತ ಬರಹ. ಸೆರಾಮಿಕ್ ರೆಸೊನೇಟರ್. ಸೆಕೆಂಡಿಗೆ 80 ಲಕ್ಷ ಸಲ ಟಿಕ್ ಟಿಕ್ ಅನ್ನುವುದು ಅದರ ಕೆಲಸ. ಚಿಪ್ಪು ಆ ಟಿಕ್‌ಗಳನ್ನು ಎಣಿಸಿಕೊಂಡೇ ಸ್ವರ ಹುಟ್ಟಿಸುತ್ತದೆ, ತಾಳ ಹಾಕುತ್ತದೆ, ಕೀ ಓದುತ್ತದೆ. ಟೇಪ್ ರೆಕಾರ್ಡರಿನಲ್ಲಿ ಮೋಟಾರು ಜೋರಾದರೆ ಹಾಡಿನ ಶ್ರುತಿಯೂ ಏರುತ್ತಿತ್ತು, ಹಾಡೂ ಓಡುತ್ತಿತ್ತು, ನೆನಪಿದೆಯಾ? ಇಲ್ಲಿ ಮೋಟಾರು ಈ ಚೂರು.

ಅದನ್ನು ಕಿತ್ತು, ವೇಗ ಬದಲಿಸಬಹುದಾದ ಇನ್ನೊಂದು ಟಿಕ್ ಯಂತ್ರ ಕೂರಿಸಬೇಕು. ಇದಕ್ಕೆ ಕೀಬೋರ್ಡ್ ಬಿಚ್ಚುವವರು ಹೆಚ್ಚಾಗಿ ಬಳಸುವುದು ಎಲ್‌ಟಿಸಿ1799 ಅನ್ನುವ ಐದು ಕಾಲಿನ ಚಿಪ್. ಒಂದೇ ರೆಸಿಸ್ಟರಿನಿಂದ 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್‌ವರೆಗೆ ಹೊಂದಿಸಬಹುದು. 2.7ರಿಂದ 5.5 ವೋಲ್ಟ್ ಬೇಕು. ನಮ್ಮ ಬೋರ್ಡಿನಲ್ಲಿ 7805 ರೆಗ್ಯುಲೇಟರಿನ 5 ವೋಲ್ಟ್ ಇತ್ತು. ಬಿಡಿ ಚಿಪ್ ಮೂರು ಮಿಲಿಮೀಟರ್ ಉದ್ದ, ನನ್ನ ಕಣ್ಣಿಗೆ ಸಾಸಿವೆ. ಅದಕ್ಕೇ ಪುಟ್ಟ ಬೋರ್ಡಿಗೆ ಬೆಸೆದು ಬರುವ ಮಾಡ್ಯೂಲ್ ಆನ್‌ಲೈನಿನಲ್ಲಿ ತರಿಸಿದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿದ್ದರೆ ಉಳಿದ ಸಾಮಾನೆಲ್ಲ ಅಲ್ಲಿ ಒಂದೇ ಬೀದಿಯಲ್ಲಿ ಸಿಗುತ್ತದೆ.

ಲೆಕ್ಕ ಸುಲಭ. 10 ಮೆಗಾಹರ್ಟ್ಸನ್ನು 10 ಕಿಲೋಓಮ್‌ನಿಂದ ಗುಣಿಸಿ, ಹಾಕಿದ ರೆಸಿಸ್ಟರಿನಿಂದ ಭಾಗಿಸಿದರೆ ಟಿಕ್ ವೇಗ. 8 ಮೆಗಾಹರ್ಟ್ಸ್ ಬೇಕಾದರೆ 12.5 ಕಿಲೋಓಮ್. ಹಾರ್ಮೋನಿಯಂಗೆ ಹೊಂದಬೇಕಾದರೆ 8.11 ಮೆಗಾಹರ್ಟ್ಸ್, ಅಂದರೆ 12.33 ಕಿಲೋಓಮ್. ಹಾಳೆಯ ಮೇಲೆ ಎಲ್ಲ ಸರಿಯಾಗಿತ್ತು.

ಎರಡನೇ ಭಾನುವಾರ ರೆಸೊನೇಟರ್ ಬಿಡಿಸಿದೆ. ಅದರ ನಡುವಿನ ಕಾಲು ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಗೆರೆ. ಎರಡು ತುದಿಗಳಲ್ಲಿ ಒಂದು ಚಿಪ್ಪಿನ ಒಳಹಾದಿ, ಇನ್ನೊಂದು ಹೊರಹಾದಿ. ನಮ್ಮ ಟಿಕ್ ಹೋಗಬೇಕಾದ್ದು ಒಳಹಾದಿಗೆ. ಯಾವುದು ಯಾವುದು ಅಂತ ಅಂಟಿನ ಬೊಟ್ಟು ಹೇಳುವುದಿಲ್ಲ. 1 ಕಿಲೋಓಮ್ ರೆಸಿಸ್ಟರ್ ಮಧ್ಯೆ ಹಾಕಿ ಒಂದು ತುದಿಗೆ ಕೊಟ್ಟೆ. ಸದ್ದಿಲ್ಲ. ಇನ್ನೊಂದಕ್ಕೆ ಕೊಟ್ಟೆ. ಅಲ್ಲೂ ಸದ್ದಿಲ್ಲ.

ಚಿಪ್ ಸುಟ್ಟೆ ಅಂದುಕೊಂಡೆ. ಹೊಟ್ಟೆಯೊಳಗೆ ತಣ್ಣಗಾಯಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋದರು, ಅದು ಇನ್ನೂ ಕಷ್ಟ. ಕೊನೆಗೆ ನಮ್ಮ ಕಸುಬಿನ ಹಳೇ ಪಾಠ ನೆನಪಾಯಿತು: ದಾರಿ ತಪ್ಪಿದರೆ ಕೆಲಸ ಮಾಡುತ್ತಿದ್ದ ಜಾಗಕ್ಕೆ ವಾಪಸ್ ಹೋಗು. ರೆಸೊನೇಟರನ್ನೇ ಮತ್ತೆ ಬೆಸೆದೆ. ಸ್ವಿಚ್ ಹಾಕಿದೆ. ಕೀಬೋರ್ಡ್ ಎದ್ದು ಕೂತಿತು. ಹಾಗಾದರೆ ತಪ್ಪು ನನ್ನ ಮಾಡ್ಯೂಲಿನ ಕಡೆ.

ತಪ್ಪು ಸಿಕ್ಕಿತು. ಆ ಚಿಪ್ಪಿಗೆ ಭಾಗಾಕಾರದ ಒಂದು ಕಾಲಿದೆ. ಅದನ್ನು ಗ್ರೌಂಡಿಗೆ ಕಟ್ಟಿದರೆ ಪೂರ್ತಿ ವೇಗ, 5 ವೋಲ್ಟಿಗೆ ಕಟ್ಟಿದರೆ ನೂರರಲ್ಲಿ ಒಂದು ಭಾಗ, ಸುಮ್ನೆ ಬಿಟ್ಟರೆ ಹತ್ತರಲ್ಲಿ ಒಂದು. ನಾನು ಸುಮ್ನೆ ಬಿಟ್ಟಿದ್ದೆ. 80 ಲಕ್ಷ ಟಿಕ್ ಕೇಳುತ್ತಿದ್ದ ಕೀಬೋರ್ಡಿಗೆ 8 ಲಕ್ಷ ಕೊಟ್ಟು ಏಳು ಅಂದರೆ ಏಳುತ್ತದೆಯೇ? ಆ ಕಾಲನ್ನು ಗ್ರೌಂಡಿಗೆ ಬೆಸೆದು ಮತ್ತೆ ಹಾಕಿದೆ. ಎರಡನೇ ತುದಿಯಲ್ಲಿ ದನಿ ಬಂತು.

ಆದರೆ ಎಂಥ ದನಿ! ಮೊದಲ ಸಲ 4.7 ಕಿಲೋಓಮ್ ರೆಸಿಸ್ಟರಿನ ಜೊತೆ 10 ಕಿಲೋಓಮ್ ಪಾಟ್ ಹಾಕಿದ್ದೆ, ಅಂದರೆ ರೇಡಿಯೋದ ವಾಲ್ಯೂಮ್ ಥರ ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ ಗುಂಡಿ. ಅದು ಒಟ್ಟು ಮುಕ್ಕಾಲು ಸುತ್ತು ತಿರುಗುತ್ತದೆ. ಒಂದು ಡಿಗ್ರಿ ತಿರುಗಿದರೆ ಐದು ಸೆಂಟ್ ಹಾರುತ್ತದೆ. ಉಸಿರು ತಾಗಿದರೂ ಶ್ರುತಿ ತಪ್ಪುವ ಹಾಗೆ. ಮೇಲಿನ ತುದಿಗೆ ಹೋದರೆ 20 ಮೆಗಾಹರ್ಟ್ಸ್ ದಾಟುತ್ತಿತ್ತು. ಅಷ್ಟಕ್ಕೆ ಮೊದಲೇ ಚಿಪ್ಪು ತಲೆ ಕೆಟ್ಟು, ಕೀರಲು ದನಿಯಲ್ಲಿ ಒಂದೇ ಸಮ ಕಿರುಚಿ ನಿಂತುಬಿಟ್ಟಿತು. ಸ್ವಿಚ್ ಆರಿಸಿ ಹಾಕಿದ ಮೇಲೇ ಸುಮ್ಮನಾದದ್ದು.

ಹುಡುಗ ಓಡಿ ಬಂದ. "ಮಾವ, ಇದು ಸೂಪರ್! ಹೀಗೇ ಇಟ್ಬಿಡೋಣ." ಅವನ ಮಾತು ತೀರಾ ಹುಡುಗಾಟದ್ದಲ್ಲ. ಅಮೆರಿಕದ ಒಹಾಯೊದಲ್ಲಿ ರೀಡ್ ಘಜಾಲಾ ಅನ್ನುವ ಹುಡುಗ 1960ರ ದಶಕದಲ್ಲಿ ಮೇಜಿನ ಡ್ರಾಯರಿನಲ್ಲಿ ತೆರೆದಿಟ್ಟ ಆಟಿಕೆ ಆಂಪ್ಲಿಫೈಯರ್ ಲೋಹಕ್ಕೆ ತಾಗಿ ವಿಚಿತ್ರವಾಗಿ ಕೂಗಿದ್ದನ್ನು ಕೇಳಿದ. ಅದರ ಬೆನ್ನು ಹತ್ತಿದ. 1992ರಲ್ಲಿ ಅವನೇ ಇದಕ್ಕೆ 'ಸರ್ಕಿಟ್ ಬೆಂಡಿಂಗ್' ಅಂತ ಹೆಸರಿಟ್ಟ. ಕ್ಯಾಸಿಯೋದ ಎಸ್‌ಕೆ-1ನಂಥ ಪುಟ್ಟ ಕೀಬೋರ್ಡ್‌ಗಳನ್ನು ಬಿಚ್ಚಿ, ಬೇಕೆಂದೇ ತಪ್ಪು ಜಾಗ ಕೂಡಿಸಿ, ಬರುವ ಚೀರಾಟದಲ್ಲೇ ಸಂಗೀತ ಕಟ್ಟುವವರು ಆ ದಾರಿಯವರು. ನಮಗೆ ಬೇಕಾಗಿದ್ದು ಅದರ ತದ್ವಿರುದ್ಧ. ಉಪಕರಣ ಒಂದೇ, ಆಸೆ ಬೇರೆ. ದೇವರ ಕೋಣೆಯಿಂದ "ಅದನ್ನ ನಿಲ್ಸೋ" ಅಂತ ಕೂಗು ಬಂತು, ನಿಲ್ಲಿಸಿದೆ.

ಮೂರನೇ ಭಾನುವಾರಕ್ಕೆ ಹತ್ತು ಸುತ್ತಿನ 2 ಕಿಲೋಓಮ್ ಪಾಟ್ ತಂದೆ. ಜೊತೆಗೆ 10 ಕಿಲೋಓಮ್ ಮತ್ತು 1.8 ಕಿಲೋಓಮ್ ರೆಸಿಸ್ಟರ್, ಎರಡೂ ಒಂದು ಪರ್ಸೆಂಟಿಗಿಂತ ಹೆಚ್ಚು ಅತ್ತಿತ್ತ ಆಗದವು. ಈಗ ಒಟ್ಟು ರೆಸಿಸ್ಟೆನ್ಸ್ 11.8ರಿಂದ 13.8ರವರೆಗೆ ಮಾತ್ರ ಓಡಾಡುತ್ತದೆ. ಅಂದರೆ ಮೇಲಕ್ಕೆ ಒಂದು ಅರ್ಧ ಸ್ವರ, ಕೆಳಕ್ಕೆ ಒಂದೂ ಮುಕ್ಕಾಲು. ಒಂದು ಪೂರ್ತಿ ಸುತ್ತಿಗೆ ಸುಮಾರು 28 ಸೆಂಟ್. ಬಲಕ್ಕೆ ತಿರುಗಿಸಿದರೆ ಶ್ರುತಿ ಏರುವಂತೆ ವೈರ್ ಕೊಟ್ಟೆ. ವೀಣೆ, ತಂಬೂರಿ ನೋಡಿದವರ ಕೈಗೆ ಏರಿಸುವುದು, ಇಳಿಸುವುದು ನಿಧಾನವಾಗಿಯೇ ಆಗಬೇಕು.

ಗುಂಡಿ ಎಲ್ಲಿ ಇಡುವುದು ಅನ್ನುವುದಕ್ಕೆ ಜಗಳವೇ ಆಯಿತು. ಚಿಕ್ಕಮ್ಮನಿಗೆ ಮುಂದುಗಡೆ, ವಾಲ್ಯೂಮ್ ಪಕ್ಕ ಬೇಕು. ಹಾಗೇ ಮಾಡಿ ಒಂದಡಿ ವೈರ್ ಎಳೆದು ನೋಡಿದೆ. ಸ್ವರ ಹಿಡಿದರೆ ಸಣ್ಣಗೆ ನಡುಗುತ್ತಿತ್ತು, ಚಳಿಗೆ ಹಾಡಿದ ಹಾಗೆ. ವೇಗ ನಿಗದಿ ಮಾಡುವ ಕಾಲಿಗೆ ಉದ್ದ ವೈರ್ ಕಟ್ಟಿದರೆ ಅದು ಸುತ್ತಲಿನ ಗದ್ದಲವನ್ನೆಲ್ಲ ಹಿಡಿದುಕೊಳ್ಳುತ್ತದೆ. ಟಿಕ್ ಹೋಗುವ ವೈರ್ ಉದ್ದವಾದರೆ ಅದೇ ಗದ್ದಲ ಎಬ್ಬಿಸುತ್ತದೆ. ಎರಡೂ ಗಿಡ್ಡ ಇರಬೇಕು ಅಂದರೆ ಗುಂಡಿ ಮುಖ್ಯ ಬೋರ್ಡಿನ ಬೆನ್ನಿಗೇ ಬರಬೇಕು. ಹಿಂದುಗಡೆ ಅಡಾಪ್ಟರ್ ತೂತಿನ ಪಕ್ಕ ಕೊರೆದೆ. ಮಾಡ್ಯೂಲಿನ ಕಾಲ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ನಡುಕ ನಿಂತಿತು. ಚಿಕ್ಕಮ್ಮ ಒಪ್ಪಿದರು, ಮುಖ ಸ್ವಲ್ಪ ಸಿಂಡರಿಸಿಯೇ.

ಹೊಂದಿಸುವ ಹೊತ್ತಿಗೆ ಆ್ಯಪ್ ಬದಿಗಿಟ್ಟೆವು. ಚಿಕ್ಕಮ್ಮ ತಿದಿ ಒತ್ತಿ ಷಡ್ಜ ಹಿಡಿದರು. ಹುಡುಗ ಕೀಬೋರ್ಡಿನ ಷಡ್ಜ ಹಿಡಿದ. ನಾನು ಹಿಂದೆ ಕೂತು ಗುಂಡಿ ತಿರುಗಿಸಿದೆ. ಸೆಕೆಂಡಿಗೆ ಮೂರಿದ್ದ ಅಲೆ ಎರಡಾಯಿತು, ಒಂದಾಯಿತು. ಆಮೇಲೆ ಉದ್ದುದ್ದ ಉಸಿರಿನ ಹಾಗೆ ನಾಲ್ಕು ಸೆಕೆಂಡಿಗೊಂದು. "ಇನ್ನೊಂಚೂರು" ಅಂದರು ಕಣ್ಣು ಮುಚ್ಚಿ. ಕೂದಲೆಳೆಯಷ್ಟು ತಿರುಗಿಸಿದೆ. ಅಲೆ ನಿಂತೇಹೋಯಿತು. ಎರಡು ವಾದ್ಯ ಇರುವುದು ಒಂದು ಕ್ಷಣ ಗೊತ್ತಾಗಲಿಲ್ಲ. ಚಿಕ್ಕಮ್ಮ ಕಣ್ಣು ಬಿಡದೆ 'ಪ' ಕಡೆ ಬೆರಳು ಸರಿಸಿದರು, ಹುಡುಗನೂ ಸರಿಸಿದ. ಅಲ್ಲಿ ಒಂಚೂರು ಅಲೆ ಇತ್ತು, ರೀಡಿನದ್ದು. "ಇರಲಿ" ಅಂದರು.

ಹಾಳೆಯ ಲೆಕ್ಕಕ್ಕೂ ಕಿವಿಯ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬಂದಿತ್ತು. 12.33 ಅಂತ ಗುಣಿಸಿದ್ದೆ, ನಿಂತಿದ್ದು 12.25ರ ಆಸುಪಾಸಿನಲ್ಲಿ. ಇದರಲ್ಲಿ ಆಶ್ಚರ್ಯವಿಲ್ಲ. ಆ ಚಿಪ್ಪಿನ ವೇಗ ಒಂದೂವರೆ ಪರ್ಸೆಂಟಿನವರೆಗೆ ಅತ್ತಿತ್ತ ಇರಬಹುದು ಅಂತ ತಯಾರಕರೇ ಹೇಳುತ್ತಾರೆ. ಒಂದೂವರೆ ಪರ್ಸೆಂಟ್ ಅಂದರೆ 26 ಸೆಂಟ್, ನಾವು ಸರಿಪಡಿಸಲು ಹೊರಟ ತಪ್ಪಿಗಿಂತ ದೊಡ್ಡದು. ಅದಕ್ಕೇ ಲೆಕ್ಕ ಮಾಡಿ ಒಂದು ರೆಸಿಸ್ಟರ್ ಬೆಸೆದು ಮುಚ್ಚಿಬಿಡುವ ಯೋಚನೆ ಮಾಡಬೇಡಿ. ಗುಂಡಿ ಬೇಕೇ ಬೇಕು. ಒಮ್ಮೆ ನಿಂತ ಮೇಲೆ ಮಾತ್ರ ಅದು ಕದಲುವುದಿಲ್ಲ. ಹತ್ತು ಡಿಗ್ರಿ ಬಿಸಿಲು ಏರಿದರೂ ಒಂದು ಸೆಂಟ್ ಆಗುವುದಿಲ್ಲ.

ತಾಳ? ಅದೂ ಓಡುತ್ತದೆ. ಟಿಕ್ ಒಂದೇ ಅಲ್ವಾ. ಪರದೆಯಲ್ಲಿ 100 ಅಂತ ಇದ್ದರೆ ಈಗ ನಿಜಕ್ಕೂ 101ಕ್ಕಿಂತ ಸ್ವಲ್ಪ ಜಾಸ್ತಿ. ಭಜನೆಯಲ್ಲಿ ಇದನ್ನು ಯಾರೂ ಹಿಡಿಯಲಾರರು. ಮಂಗಳಾರತಿ ಹೊತ್ತಿಗೆ ಅವರೇ ಇದರ ಹತ್ತರಷ್ಟು ಓಡಿರುತ್ತಾರೆ.

ಶ್ರುತಿ ಸ್ವಿಚ್

ಇದು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಹುಡುಗ ಸ ಮತ್ತು ಪ ಎರಡನ್ನೂ ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ನುಡಿಸುತ್ತಿದ್ದ. "ಆ ಎಡಗೈ ಕೆಲಸ ಒಂದು ಸ್ವಿಚ್ ಮಾಡಿದ್ರೆ?" ಅಂತ ಚಿಕ್ಕಮ್ಮ ಕೇಳಿದರು. ಬೋರ್ಡ್ ಹೇಗೂ ತೆರೆದೇ ಇತ್ತು. ಕೀ ಒತ್ತುವುದು ಅಂದರೆ ಚೌಕಳಿಯ ಒಂದು ಕಂಬ ಒಂದು ಸಾಲನ್ನು ಕೂಡಿಸುವುದು ತಾನೇ. ಸ ಕೀಯ ಕಂಬಕ್ಕೂ ಸಾಲಿಗೂ ನಡುವೆ ಒಂದು ಸ್ವಿಚ್, ಪ ಕೀಗೆ ಇನ್ನೊಂದು. ಸ್ವಿಚ್ ಹಾಕಿದರೆ ಬೆರಳಿಲ್ಲದೆ ಆ ಕೀ ಒತ್ತಿಯೇ ಇರುತ್ತದೆ. ಆರ್ಗನ್ ದನಿ ಇಟ್ಟರೆ ಶ್ರುತಿ ಪೆಟ್ಟಿಗೆ ರೆಡಿ.

ಬೆಸೆದು ಪರೀಕ್ಷೆ ಮಾಡಿದೆ. ಚೆನ್ನಾಗಿತ್ತು. ಸುಮ್ನೆ ಆಟಕ್ಕೆ ರಿ ಮತ್ತು ದ ಒಟ್ಟಿಗೆ ಒತ್ತಿದೆ. ಯಾರೂ ಮುಟ್ಟದ ನಿ ಕೂಡ ಕೂಗಿತು! ಹುಡುಗ "ಭೂತ" ಅಂದ. ಕಸುಬಿನವರೂ ಅದನ್ನು ಹಾಗೇ ಕರೆಯುತ್ತಾರೆ, ಭೂತದ ಕೀ ಅಂತ. ಹಾಳೆ ತೆಗೆದು ನೋಡಿದೆ. ಷಡ್ಜದ ಕೀ ನಂಬರ್ 20, ರಿ 22, ದ 28, ಕೂಗಿದ ನಿ 30. ಚೌಕಳಿಯಲ್ಲಿ ಇವು ನಾಲ್ಕೂ ಒಂದು ಆಯತದ ನಾಲ್ಕು ಮೂಲೆ. ಮೂರು ಮೂಲೆ ಕೂಡಿದರೆ ಸಿಗ್ನಲ್ ಹಿತ್ತಿಲ ಬಾಗಿಲಿಂದ ಬಳಸಿಕೊಂಡು ನಾಲ್ಕನೆಯದಕ್ಕೂ ಹೋಗುತ್ತದೆ. ಹೀಗಾಗಬಾರದು ಅಂತಲೇ ತಯಾರಿಸಿದವರು ಪ್ರತಿ ಕೀಗೂ ಒಂದು ಡಯೋಡ್ ಇಟ್ಟಿದ್ದರು, ಒಮ್ಮುಖ ರಸ್ತೆಯ ಹಾಗೆ. ನಾನು ಡಯೋಡ್ ಬಿಟ್ಟು ನೇರ ವೈರ್ ಎಳೆದು ಹಿತ್ತಿಲ ಬಾಗಿಲು ತೆರೆದಿದ್ದೆ. ಎರಡು ಸ್ವಿಚ್ಚಿಗೂ ಒಂದೊಂದು 1ಎನ್4148 ಡಯೋಡ್ ಹಾಕಿದೆ, ಬೋರ್ಡಿನ ಉಳಿದ ಡಯೋಡ್‌ಗಳ ಗೆರೆ ಯಾವ ಕಡೆ ಇದೆಯೋ ಆ ಕಡೆಗೇ. ಭೂತ ಹೋಯಿತು.

ಒಂದು ಮಿತಿ ಇದೆ. ಕೀಬೋರ್ಡ್ ಒಟ್ಟಿಗೆ ಇಷ್ಟೇ ಸ್ವರ ನುಡಿಸಬಲ್ಲದು ಅಂತ ಇರುತ್ತದೆ. ಅದರಲ್ಲಿ ಎರಡನ್ನು ಶ್ರುತಿ ಸದಾ ಹಿಡಿದಿರುತ್ತದೆ. ತಾಳವನ್ನೂ ಹಾಕಿ, ಎರಡೂ ಕೈಯಲ್ಲಿ ನುಡಿಸಿದರೆ ಕೆಲವು ಸ್ವರ ನಡುವೆ ನುಂಗಿಹೋಗುತ್ತವೆ. ಭಜನೆಗೆ ಅದು ತೊಂದರೆಯಾಗಿಲ್ಲ.

ಮುಚ್ಚುವಾಗ ಒಂದು ಸಣ್ಣ ಕೈಚಳಕ. ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂವನ್ನು ಮೊದಲು ಎಡಕ್ಕೆ, ಅಂದರೆ ಉಲ್ಟಾ ತಿರುಗಿಸಬೇಕು. ಒಂದು ಕಡೆ 'ಟಕ್' ಅಂತ ಸ್ವಲ್ಪ ಕೆಳಗಿಳಿಯುತ್ತದೆ. ಅದು ಹಳೇ ದಾರಿ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೇ ದಾರಿಯಲ್ಲೇ ಕೂರುತ್ತದೆ, ಇಲ್ಲದಿದ್ದರೆ ಹೊಸ ದಾರಿ ಕೊರೆದು ಮೂರನೇ ಸಲಕ್ಕೆ ತೂತು ಸಡಿಲ. ಇಡ್ಲಿ ತಟ್ಟೆ ಖಾಲಿಯಾಯಿತು. ಹಳೆಯ ರೆಸೊನೇಟರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಯಾವ ತೂತಿನದು ಅಂತ ಚೀಟಿ ಬರೆದು, ಸೆಲ್ಲಿನ ಡಬ್ಬಿಯೊಳಗೆ ಅಂಟಿಸಿದ್ದೇನೆ. ಸೆಲ್ ಇನ್ನು ಹಾಕುವುದಿಲ್ಲ, ಅಡಾಪ್ಟರ್ ಮಾತ್ರ. ಖರ್ಚು ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ, ಅದರಲ್ಲಿ ಮೊದಲು ತಂದು ದಂಡವಾದ ಪಾಟ್ ಕೂಡ ಸೇರಿದೆ. ಬಸ್ ಚಾರ್ಜ್ ಸೇರಿಲ್ಲ.

ಹೊಂದಿದ ಜಾಗ ಮರೆಯದಿರಲಿ ಅಂತ ಚಿಕ್ಕಮ್ಮ ಗುಂಡಿಯ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿದರು. ಹತ್ತು ಸುತ್ತಿನ ಗುಂಡಿ. ಬಿಂದಿ ಪ್ರತಿ ಸುತ್ತಿಗೂ ಅದೇ ಜಾಗಕ್ಕೆ ಬರುತ್ತದೆ. ಎರಡನೇ ವಾರವೇ ಯಾರೋ ತಿರುಗಿಸಿಟ್ಟು, ಯಾವ ಸುತ್ತು ಅಂತ ಗೊತ್ತಾಗದೆ ನನಗೆ ಫೋನ್ ಬಂತು. ಪೂರ್ತಿ ಬಲಕ್ಕೆ ತಿರುಗಿಸಿ, ಅಲ್ಲಿಂದ ಎಣಿಸಿಕೊಂಡು ವಾಪಸ್ ಬನ್ನಿ ಅಂದೆ.

ನವರಾತ್ರಿಗೆ ಹೋದಾಗ ಭಜನೆ ಪುಸ್ತಕದ ಮೊದಲ ಪುಟ ನೋಡಿದೆ. ಚಿಕ್ಕಮ್ಮನ ದುಂಡು ಅಕ್ಷರ: "ಪೂರ್ತಿ ಬಲಕ್ಕೆ. ಆಮೇಲೆ ಎಡಕ್ಕೆ ಎರಡೂಕಾಲು ಸುತ್ತು: ಮಾವನವರ ಪೆಟ್ಟಿಗೆ." ಅದರ ಕೆಳಗೆ ಹುಡುಗನ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು: "ಮೂರು ಸುತ್ತು, ಮೇಲೆ ಸ್ವಲ್ಪ: ಫೋನಿನ ತಂಬೂರಿ."